ಹ್ಯಾಮರ್ ಸರಿಯಾಗಿಯೇ ಇತ್ತು, ಹಣ ಹೋದದ್ದು ಏಕೆ?

ಪ್ರಶ್ನೆ: ನಾನು ಮಂಡ್ಯದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 33. ಮೈಸೂರಿನಲ್ಲಿ ನಾಲ್ಕು ಭಾನುವಾರ ಕ್ಲಾಸಿಗೆ ಹೋಗಿ ಷೇರುಪೇಟೆಯ ಬೆಲೆ ಚಾರ್ಟ್ ಓದುವ 35 ಕ್ಯಾಂಡಲ್ ಪ್ಯಾಟರ್ನ್ ಕಲಿತೆ. ಕೆಂಪು ಕ್ಯಾಂಡಲ್ ಎಂದರೆ ಮಾರುಕಟ್ಟೆ ಬಿದ್ದ ದಿನ ಎಂದು ತಿಳಿದಿದ್ದೇನೆ. 15 ನಿಮಿಷದ ಚಾರ್ಟಿನಲ್ಲಿ ಹ್ಯಾಮರ್ ಕಂಡಾಗಲೆಲ್ಲ ಆ ವಾರದ ನಿಫ್ಟಿ ಕಾಲ್ ಆಪ್ಷನ್ (ನಿಫ್ಟಿ ಸೂಚ್ಯಂಕ ಏರಿದರೆ ಲಾಭ ಕೊಡುವ, ಆ ವಾರಕ್ಕೇ ಮುಗಿಯುವ ಒಪ್ಪಂದ) ಕೊಳ್ಳುತ್ತಿದ್ದೆ. ಮೂರು ತಿಂಗಳಲ್ಲಿ 62 ಸಾವಿರ ಹೋಯಿತು. ಉಳಿದಿರುವುದು 2 ಲಕ್ಷ. ನನ್ನ ಓದುವಿಕೆಯಲ್ಲಿ ತಪ್ಪಿದೆಯೇ ಸರ್? ಯಾವ ಪ್ಯಾಟರ್ನ್ ನಂಬಬೇಕು? ಅದೇ ಕ್ಲಾಸಿನವರು 25 ಸಾವಿರಕ್ಕೆ ಅಡ್ವಾನ್ಸ್ ಕೋರ್ಸ್, ಜೊತೆಗೆ ಟೆಲಿಗ್ರಾಂನಲ್ಲಿ ದಿನಾ ಕಾಲ್ (ಇದನ್ನು ಕೊಳ್ಳಿ, ಮಾರಿ ಎಂಬ ಸೂಚನೆ) ಕೊಡುತ್ತೇವೆ ಎನ್ನುತ್ತಿದ್ದಾರೆ. ಸೇರಲೇ? ಮೂರು ಚಾರ್ಟ್ ಕಳಿಸಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ: ನೀವು ಕಳಿಸಿದ ಮೂರೂ ಚಾರ್ಟ್ ನೋಡಿದೆ. ನೀವು ಕೊಂಡ ಹೊತ್ತಿಗೆ ಮೂರರಲ್ಲೂ ಹ್ಯಾಮರ್‌ನ ಆಕಾರ ಇದೆ, ಸರಿಯಾಗಿಯೇ ಗುರುತಿಸಿದ್ದೀರಿ. ತಪ್ಪಿರುವುದು ಬೇರೆ ಕಡೆ. ಆ ಹ್ಯಾಮರ್ ಎಲ್ಲಿ ಬಂತು, ಎಷ್ಟು ವ್ಯಾಪಾರದ ಮೇಲೆ ಬಂತು, ಕ್ಯಾಂಡಲ್ ಮುಗಿದ ಮೇಲೆ ಕೊಂಡಿರೋ ಮುಗಿಯುವ ಮೊದಲೇ ಕೊಂಡಿರೋ, ಕೊಂಡದ್ದಾದರೂ ಏನನ್ನು? ಈ ಪ್ರಶ್ನೆಗಳನ್ನು ಕೇಳಿಕೊಳ್ಳಲು ನಿಮಗೆ ಯಾರೂ ಕಲಿಸಿಲ್ಲ. ಆಕಾರದ ಹೆಸರು ಹೇಳಿಕೊಟ್ಟು ಕಳಿಸಿದ್ದಾರೆ.

ನೀವು ಮಂಡ್ಯದವರು, ಬೆಲ್ಲದ ಮಂಡಿಯಿಂದಲೇ ಶುರು ಮಾಡೋಣ. ನಮ್ಮ ತಂದೆ ಅಲ್ಲಿ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಾರುಕಟ್ಟೆ ಎಂದರೆ ಏನೆಂದು ನಾನು ಕಲಿತದ್ದು ಆ ಜಗುಲಿಯ ಮೇಲೆ, ಷೇರು ವ್ಯಾಪಾರದ ಟರ್ಮಿನಲ್ ಮುಂದೆ ಕೂತದ್ದು ಬಹಳ ವರ್ಷದ ಮೇಲೆ. ಒಂದು ದಿನ ಅಚ್ಚು ಬೆಲ್ಲದ ಮೊದಲ ಲಾಟು ಕ್ವಿಂಟಲಿಗೆ 4,000ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಹತ್ತು ಗಂಟೆಯ ಹೊತ್ತಿಗೆ ಸುತ್ತಲ ಆಲೆಮನೆಗಳಿಂದ ಗಾಡಿಗಳು ಸಾಲುಗಟ್ಟಿದವು, ಬೆಲೆ 3,800ಕ್ಕೆ ಕುಸಿಯಿತು. ಆ ಬೆಲೆಗೆ ಹೊರಗಿನ ಖರೀದಿದಾರರು ಮುಗಿಬಿದ್ದರು. ಮಧ್ಯಾಹ್ನದ ಮೇಲೆ ಒಮ್ಮೆ 4,030 ಮುಟ್ಟಿ, ಬಾಗಿಲು ಹಾಕುವಾಗ 4,020ಕ್ಕೆ ನಿಂತಿತು. ತೆರೆದದ್ದು, ಮುಟ್ಟಿದ ಎತ್ತರ, ಇಳಿದ ಆಳ, ಮುಚ್ಚಿದ್ದು, ಈ ನಾಲ್ಕು ಅಂಕಿಯೇ ಒಂದು ಕ್ಯಾಂಡಲ್. 4,000ದಿಂದ 4,020ರವರೆಗಿನ ಸಣ್ಣ ಹಸಿರು ಬಾಡಿ, ಕೆಳಗೆ 200 ರೂಪಾಯಿ ಉದ್ದದ ಬತ್ತಿ, ಮೇಲೆ 10 ರೂಪಾಯಿ ಚೂರು. ಕ್ಲಾಸಿನಲ್ಲಿ ವಿಕ್ ಎಂದಿರುತ್ತಾರೆ. ಬತ್ತಿ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ನೀವು ಕೊಂಡ ಹ್ಯಾಮರ್ ಇದೇ.

ಇಲ್ಲಿ ನಮಗೆ ತಿಳಿದದ್ದು ಏನು? 3,800ರಲ್ಲಿ ದುಡ್ಡಿರುವವರು ಯಾರೋ ನಿಂತಿದ್ದರು ಎಂಬುದು, ಅಷ್ಟೇ. ನಾಳೆಯೂ ಅವರು ಬರುತ್ತಾರೆಂದು ಕ್ಯಾಂಡಲ್ ಹೇಳಲಿಲ್ಲ. ನಾಳೆ ಇನ್ನೂ ಇನ್ನೂರು ಗಾಡಿ ಬರುವುದಿಲ್ಲವೆಂದೂ ಹೇಳಲಿಲ್ಲ. "ನಿನ್ನೆ ಬೆಲ್ಲ ಎದ್ದಿತಂತೆ" ಎಂದು ಯಾರಾದರೂ ಸುದ್ದಿ ತಂದರೆ ನಮ್ಮ ತಂದೆ ಕೇಳುತ್ತಿದ್ದ ಮೊದಲ ಮಾತು "ಆವಕ ಎಷ್ಟಿತ್ತು?" ಆವಕ ಇಲ್ಲದ ದಿನ ಎರಡೇ ಲಾಟಿನಲ್ಲಿ ಏರಿದ ಬೆಲೆಗೆ ಅವರು ಬೆಲೆ ಕೊಡುತ್ತಿರಲಿಲ್ಲ. ಚಾರ್ಟಿನ ಕೆಳಗೆ ಕಂಬ ಕಂಬವಾಗಿ ಕಾಣುವ ವಾಲ್ಯೂಮ್, ಅಂದರೆ ಎಷ್ಟು ಕೈಬದಲಾಯಿತು ಎಂಬ ಲೆಕ್ಕ ಇದೆಯಲ್ಲ, ಅದೇ ಆವಕ. ನಿಮ್ಮ ಮೂರು ಚಿತ್ರದಲ್ಲಿ ಎರಡರಲ್ಲಿ ಅದನ್ನು ತೆಗೆದೇ ಹಾಕಿದ್ದೀರಿ, ಜಾಗ ಸಾಲದೆಂದು ಇರಬೇಕು. ದಯವಿಟ್ಟು ಮೊದಲು ಅದನ್ನು ವಾಪಸ್ ತನ್ನಿ. ನಿಫ್ಟಿ ನೋಡುವಾಗ ವಾಲ್ಯೂಮನ್ನು ನಿಫ್ಟಿ ಫ್ಯೂಚರ್‌ನ (ನಿಫ್ಟಿಯ ಮೇಲಿನ ಮುಂಗಡ ಒಪ್ಪಂದದ) ಚಾರ್ಟಿನಲ್ಲಿ ನೋಡಿ. ಸೂಚ್ಯಂಕ ಬರೀ ಲೆಕ್ಕ, ಅದನ್ನೇ ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ.

ಈ ಕಲೆ ಹುಟ್ಟಿದ್ದೂ ಧಾನ್ಯದ ಮಾರುಕಟ್ಟೆಯಲ್ಲೇ. ಜಪಾನಿನ ಒಸಾಕದ ದೋಜಿಮಾದಲ್ಲಿ ಅಕ್ಕಿಯ ಮುಂಗಡ ವ್ಯಾಪಾರಕ್ಕೆ 1730ರಲ್ಲಿ ಅಲ್ಲಿನ ಸರ್ಕಾರ ಅಧಿಕೃತ ಒಪ್ಪಿಗೆ ಕೊಟ್ಟಿತು. ಸಕಾತಾ ಎಂಬ ಊರಿನ ಅಕ್ಕಿ ವ್ಯಾಪಾರಿ ಮುನೆಹಿಸಾ ಹೊಮ್ಮಾ (1724–1803) ಹೆಸರು ಈ ವಿದ್ಯೆಗೆ ಅಂಟಿಕೊಂಡಿದೆ. ಈಗಿನ ಚಿತ್ರವನ್ನು ಆತನೇ ಬರೆದ ಎನ್ನುವುದಕ್ಕಿಂತ, ಬೆಲೆಯ ಹಿಂದೆ ಕೊಳ್ಳುವವನ ಮತ್ತು ಮಾರುವವನ ಮನಸ್ಸನ್ನು ಹುಡುಕುವ ಅಭ್ಯಾಸ ಅವನದು ಎನ್ನುವುದು ಸರಿ. ಹ್ಯಾಮರ್‌ಗೆ ಜಪಾನೀಯರು ಇಟ್ಟ ಹೆಸರು ತಕುರಿ; ತಳ ಮುಟ್ಟಿ ನೀರಿನ ಆಳ ನೋಡುವುದು ಎಂದರ್ಥ. ಶ್ರೀರಂಗಪಟ್ಟಣದಲ್ಲಿ ಹರಿಗೋಲಿನವರು ಗಳ ಊರಿ ಆಳ ನೋಡುವುದನ್ನು ಕಂಡಿರುತ್ತೀರಿ. ಆ ಜಾಗದಲ್ಲಿ ಗಳಕ್ಕೆ ನೆಲ ಸಿಕ್ಕಿತು ಎಂದಷ್ಟೇ ಅದರ ಅರ್ಥ, ಆಚೆ ದಡದವರೆಗೂ ನೆಲ ಸಿಗುತ್ತದೆ ಎಂದಲ್ಲ. ಹ್ಯಾಮರ್ ಎಂಬ ಹೆಸರಿಗಿಂತ ಈ ಹಳೆಯ ಹೆಸರು ಸತ್ಯಕ್ಕೆ ಹತ್ತಿರ.

ಬಣ್ಣದ ವಿಷಯದಲ್ಲಿ ಒಂದು ಗೊಂದಲ ನಿಮ್ಮ ಪತ್ರದಲ್ಲೂ ಕಂಡಿತು. ಕೆಂಪು ಕ್ಯಾಂಡಲ್ ಎಂದರೆ ಮಾರುಕಟ್ಟೆ ಬಿದ್ದ ದಿನ ಎಂದು ಬರೆದಿದ್ದೀರಿ. ಹಾಗಲ್ಲ. 2024ರ ಜೂನ್ 3ರ ನಿಫ್ಟಿಯನ್ನು ತೆಗೆದು ನೋಡಿ. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆ ಹೊರಬಿದ್ದ ಮೇಲಿನ ಸೋಮವಾರ ಅದು. ಹಿಂದಿನ ಮುಕ್ತಾಯ 22,530 ಇದ್ದದ್ದು, ಬೆಳಿಗ್ಗೆಯೇ ಸುಮಾರು 800 ಅಂಶ ಮೇಲೆ ತೆರೆಯಿತು. ಮುಚ್ಚಿದ್ದು 23,263ರಲ್ಲಿ, ಅಂದರೆ ಶೇ 3.25 ಏರಿಕೆ. ಆದರೂ ಆ ದಿನದ ಕ್ಯಾಂಡಲ್ ಕೆಂಪು! ತೆರೆದ ಬೆಲೆಗಿಂತ ಸ್ವಲ್ಪ ಕೆಳಗೆ ಮುಚ್ಚಿತಲ್ಲ, ಅದಕ್ಕೆ. ಬಣ್ಣ ಹೇಳುವುದು ಬೆಳಿಗ್ಗೆಯಿಂದ ಸಂಜೆಗೆ ಏನಾಯಿತು ಎಂಬುದನ್ನು, ನಿನ್ನೆಯಿಂದ ಇವತ್ತಿಗೆ ಏನಾಯಿತು ಎಂಬುದನ್ನಲ್ಲ. ಎಲ್ಲರೂ ಸಂಭ್ರಮಿಸಿದ ಆ ದಿನ, ಬೆಳಿಗ್ಗೆಯ ಬೆಲೆಗಿಂತ ಮೇಲೆ ಕೊಳ್ಳಲು ಹೆಚ್ಚು ಜನ ಸಿಗಲಿಲ್ಲ ಎಂಬ ಸಣ್ಣ ಮಾತು ಆ ಕ್ಯಾಂಡಲ್‌ನಲ್ಲಿ ಇತ್ತು. ಮರುದಿನ ಫಲಿತಾಂಶ ಬಂದು ನಿಫ್ಟಿ ಶೇ 5.9 ಬಿದ್ದು 21,884ಕ್ಕೆ ಮುಚ್ಚಿತು. ಆ ಕೆಂಪು ಕ್ಯಾಂಡಲ್ ಈ ಕುಸಿತವನ್ನು ಮೊದಲೇ ಹೇಳಿತ್ತು ಎಂದು ನಾನು ಹೇಳುತ್ತಿಲ್ಲ. ಬಿದ್ದದ್ದು ಫಲಿತಾಂಶದಿಂದ. ಎರಡೂ ದಿನದ ದೊಡ್ಡ ಏರಿಳಿತಗಳು ಹೊರಗಿನ ಸುದ್ದಿಯಿಂದ ಹುಟ್ಟಿದವು, ಅಂಥ ಹೊತ್ತಿನಲ್ಲಿ ಪ್ಯಾಟರ್ನ್ ಹಿಡಿದು ಕೂರುವುದು ವ್ಯರ್ಥ.

ಈಗ ನಿಮ್ಮ ಹ್ಯಾಮರ್‌ಗೆ ಬರುತ್ತೇನೆ. ನನ್ನ ಮಟ್ಟಿಗೆ ಇದನ್ನು ಕಲಿಸಲು 2020ರ ಮಾರ್ಚ್‌ಗಿಂತ ಒಳ್ಳೆಯ ಪಾಠ ಇಲ್ಲ. ಆ ತಿಂಗಳ ನಿಫ್ಟಿ ದಿನದ ಚಾರ್ಟ್ ತೆರೆದಿಟ್ಟುಕೊಂಡು ಮುಂದಿನದನ್ನು ಓದಿ.

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ ತೆರೆದ ಕೆಲವೇ ನಿಮಿಷಗಳಲ್ಲಿ ಸೂಚ್ಯಂಕ ಶೇ 10 ಕುಸಿದು ಲೋಯರ್ ಸರ್ಕ್ಯೂಟ್, ಅಂದರೆ ವ್ಯಾಪಾರಕ್ಕೆ ತಡೆ ಬೀಳುವ ಕೆಳಮಿತಿ, ಮುಟ್ಟಿತು, ವ್ಯಾಪಾರ 45 ನಿಮಿಷ ನಿಂತಿತು. 8,555ರ ಆಳ. ಮತ್ತೆ ಶುರುವಾದ ಮೇಲೆ ಏರಿದ್ದು ಏರಿದ್ದೇ, ದಿನದ ಕೊನೆಗೆ 9,955. ಉದ್ದನೆಯ ಹಸಿರು ಬಾಡಿ, ಅದರ ಕೆಳಗೆ ಐನೂರು ಅಂಶಕ್ಕೂ ಉದ್ದದ ಬತ್ತಿ. ಬಾಡಿ ದೊಡ್ಡದಾದ್ದರಿಂದ ಪುಸ್ತಕದ ಲೆಕ್ಕಕ್ಕೆ ಅಪ್ಪಟ ಹ್ಯಾಮರ್ ಅಲ್ಲ, ಆದರೆ ಕಥೆ ಅದೇ, ಇನ್ನೂ ಜೋರಾಗಿ. ಕೊಳ್ಳುವವರು ಇಷ್ಟು ಬಲವಾಗಿ ತಿರುಗಿಬಿದ್ದ ಇನ್ನೊಂದು ದಿನವನ್ನು ಹುಡುಕುವುದು ಕಷ್ಟ. ತಳ ಸಿಕ್ಕಿತು ಎಂದು ಅವತ್ತು ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಸೋಮವಾರ ನಿಫ್ಟಿ 757 ಅಂಶ ಬಿತ್ತು. ಅದರ ಮುಂದಿನ ಸೋಮವಾರ, ಮಾರ್ಚ್ 23ರಂದು, ಒಂದೇ ದಿನ 1,135 ಅಂಶ ಹೋಗಿ 7,610ಕ್ಕೆ ಬಂತು.

ನಿಜವಾದ ತಳ ಬಂದದ್ದು ಮಾರ್ಚ್ 24ಕ್ಕೆ, 7,511ರಲ್ಲಿ. ಅವತ್ತಿನ ಕ್ಯಾಂಡಲ್ ನೋಡಿ: ಸಣ್ಣ ಬಾಡಿ, ಮೇಲೂ ಕೆಳಗೂ ಬತ್ತಿ, ಯಾವ ಕಡೆಗೂ ವಾಲದ ದಿನ. ಕ್ಲಾಸಿನಲ್ಲಿ ಇದನ್ನು ಹಲಗೆಯ ಮೇಲೆ ಬರೆದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಅದೇ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾಯಿತು. ಅದಕ್ಕಿಂತ ಕೆಟ್ಟ ಸುದ್ದಿ ಬೇಕಿರಲಿಲ್ಲ. ಆದರೂ 25ರಂದು ಬೆಲೆ ಆ ತಳಕ್ಕಿಂತ ಕೆಳಗೆ ಹೋಗದೆ 500ಕ್ಕೂ ಹೆಚ್ಚು ಅಂಶ ಮೇಲೆ ಮುಚ್ಚಿತು. 7,511 ಆಮೇಲೆ ಮುರಿಯಲೇ ಇಲ್ಲ.

ಎರಡು ಕ್ಯಾಂಡಲ್, ಒಂದು ಭರ್ಜರಿ, ಒಂದು ಸಪ್ಪೆ. ಭರ್ಜರಿಯಾದದ್ದು ಮುಳುಗಿಸಿತು, ಸಪ್ಪೆಯದು ತೇಲಿಸಿತು. ಈಗ ಒಂದೇ ಒಂದು ನಿಯಮ ಹಚ್ಚಿ ನೋಡಿ: "ಆ ದಿನದ ಮೇಲ್ತುದಿಯನ್ನು ಮರುದಿನದ ಬೆಲೆ ದಾಟಿದರೆ ಮಾತ್ರ ಕೊಳ್ಳುತ್ತೇನೆ." 13ರ ಮೇಲ್ತುದಿ 10,159. ಸೋಮವಾರ ಬೆಲೆ ಅದರ ಹತ್ತಿರಕ್ಕೂ ಬರಲಿಲ್ಲ, ಈ ನಿಯಮ ಇಟ್ಟುಕೊಂಡವನು ಕೈಕಟ್ಟಿ ಕೂತಿರುತ್ತಿದ್ದ, ಹಣ ಉಳಿಯುತ್ತಿತ್ತು. 24ರ ಮೇಲ್ತುದಿ ಸುಮಾರು 8,037. 25ರಂದು ಬೆಲೆ ಅದನ್ನು ದಾಟಿತು. ಎರಡು ಉದಾಹರಣೆಯಿಂದ ಒಂದು ನಿಯಮ ಸಾಬೀತಾಗುವುದಿಲ್ಲ, ಇದೇ ನಿಯಮ ಕೈಕೊಟ್ಟ ದಿನಗಳನ್ನೂ ನಾನು ಕಂಡಿದ್ದೇನೆ. ಆದರೆ ಒಂದು ಮಾತು ಖಚಿತ: ಕ್ಯಾಂಡಲ್ ಒಂದು ಪ್ರಶ್ನೆ ಕೇಳುತ್ತದೆ, ಉತ್ತರ ಮುಂದಿನ ಕ್ಯಾಂಡಲ್‌ನಲ್ಲಿ ಇರುತ್ತದೆ. ನೀವು ಪ್ರಶ್ನೆ ಕೇಳಿದ ಕೂಡಲೇ ದುಡ್ಡು ಹಾಕುತ್ತಿದ್ದೀರಿ.

ಕೂಡಲೇ ಎನ್ನುವುದಕ್ಕಿಂತ, ಅದಕ್ಕೂ ಮೊದಲೇ. ನಿಮ್ಮ ಎರಡನೇ ಚಿತ್ರದಲ್ಲಿ ಕೊಂಡ ಸಮಯ 11 ಗಂಟೆ 26 ನಿಮಿಷ ಎಂದಿದೆ. ಆ ಕ್ಯಾಂಡಲ್ ಮುಗಿಯುವುದು 11.30ಕ್ಕೆ. ನಾಲ್ಕು ನಿಮಿಷ ಬಾಕಿ ಇರುವಾಗ ಹ್ಯಾಮರ್ ಕಂಡಿತು, ಒತ್ತಿಬಿಟ್ಟಿರಿ. ಮುಗಿಯದ ಕ್ಯಾಂಡಲ್‌ಗೆ ಆಕಾರವೇ ಇಲ್ಲ, ಬೆಲೆ ಎತ್ತ ಹೋದರೆ ಬಾಡಿ ಅತ್ತ ಬೆಳೆಯುತ್ತದೆ. ಅದೇ ಕ್ಯಾಂಡಲ್ ಮುಗಿದಾಗ ಹೇಗಿತ್ತು ಎಂದು ನೀವೇ ಹಿಂದೆ ಹೋಗಿ ನೋಡಿ: ಕೆಳಗಿನ ಬತ್ತಿ ಅರ್ಧವೂ ಉಳಿದಿಲ್ಲ.

ಇನ್ನು 15 ನಿಮಿಷದ ಚಾರ್ಟಿನ ಮಾತು. ನಮ್ಮ ಮಾರುಕಟ್ಟೆ 9.15ರಿಂದ 3.30, ಅಂದರೆ 375 ನಿಮಿಷ. ದಿನಕ್ಕೆ 25 ಕ್ಯಾಂಡಲ್. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನ ಎಂದರೆ ದಿನದ ಚಾರ್ಟಿನಲ್ಲಿ 250 ಕ್ಯಾಂಡಲ್, 15 ನಿಮಿಷದ್ದರಲ್ಲಿ 6,250. ಅಷ್ಟು ರಾಶಿಯಲ್ಲಿ ಹ್ಯಾಮರ್ ಸಿಗದೆ ಇರುತ್ತದೆಯೇ? ದಿನಕ್ಕೊಂದು ಎರಡು ಸಿಕ್ಕೇ ಸಿಗುತ್ತವೆ, ಅವುಗಳಲ್ಲಿ ಬಹಳಷ್ಟಕ್ಕೆ ಅರ್ಥವೇ ಇರುವುದಿಲ್ಲ. ದಿನದ ಕ್ಯಾಂಡಲ್‌ನಲ್ಲಿ ಒಂದು ಇಡೀ ದಿನದ ಚೌಕಾಸಿ ಇದೆ, ದೊಡ್ಡ ಫಂಡ್‌ಗಳವರೂ ಸಣ್ಣವರೂ ಸೇರಿ ಆಡಿದ ಮಾತಿದೆ. ಹದಿನೈದು ನಿಮಿಷದ್ದರಲ್ಲಿ ಯಾರೋ ಒಬ್ಬರ ದೊಡ್ಡ ಆರ್ಡರ್ ಇದ್ದರೂ ಇರಬಹುದು. ಗಂಟೆಯ ಚಾರ್ಟ್ ನೋಡುವ ಅಭ್ಯಾಸವಿದ್ದರೆ ಕೊನೆಯ ಕ್ಯಾಂಡಲ್ ಬರೀ ಹದಿನೈದು ನಿಮಿಷದ್ದು ಎಂಬುದು ನೆನಪಿರಲಿ, ಅದನ್ನು ಉಳಿದವುಗಳ ಜೊತೆ ತೂಗಬಾರದು.

ನಿಮ್ಮ ಎರಡನೇ ಪ್ರಶ್ನೆ, ಯಾವ ಪ್ಯಾಟರ್ನ್ ನಂಬಬೇಕು ಎಂಬುದು. ಒಂದು ಪೇಪರ್, ಪೆನ್ ತೆಗೆದುಕೊಳ್ಳಿ. ಬುಲಿಶ್ ಎಂಗಲ್ಫಿಂಗ್ ಎಂದು ಕಲಿಸಿದ್ದಾರಲ್ಲ, ಅದನ್ನು ಬರೆಯಿರಿ. ಮೊದಲ ದಿನ 100ಕ್ಕೆ ತೆರೆದು 95ಕ್ಕೆ ಮುಚ್ಚಿತು. ಎರಡನೇ ದಿನ 94ಕ್ಕೆ ತೆರೆದು, 93ಕ್ಕೆ ಇಳಿದು, 103 ಮುಟ್ಟಿ, 102ಕ್ಕೆ ಮುಚ್ಚಿತು. ಈಗ ಆ ಎರಡೂ ದಿನವನ್ನು ಸೇರಿಸಿ ಒಂದೇ ಕ್ಯಾಂಡಲ್ ಮಾಡಿ: ಮೊದಲ ದಿನದ ಆರಂಭ 100, ಎರಡನೇ ದಿನದ ಮುಕ್ತಾಯ 102, ಮೇಲ್ತುದಿ 103, ತಳ 93. ಏನು ಸಿಕ್ಕಿತು? ಹ್ಯಾಮರ್! ಮಾರ್ನಿಂಗ್ ಸ್ಟಾರ್‌ನ ಮೂರು ದಿನವನ್ನು ಸೇರಿಸಿದರೂ ಹೆಚ್ಚುಕಡಿಮೆ ಇದೇ ಸಿಗುತ್ತದೆ. ಪಿಯರ್ಸಿಂಗ್ ಲೈನ್ ಸೇರಿಸಿ, ಬಾಡಿ ಕೆಂಪಾಗಿರುತ್ತದೆ, ಉದ್ದ ಬತ್ತಿ ಹಾಗೇ ಇರುತ್ತದೆ. ತಲೆಕೆಳಗು ಮಾಡಿದರೆ ಶೂಟಿಂಗ್ ಸ್ಟಾರ್, ಬೇರಿಶ್ ಎಂಗಲ್ಫಿಂಗ್, ಈವ್ನಿಂಗ್ ಸ್ಟಾರ್ ಎಲ್ಲವೂ ಒಂದೇ ಮನೆಯವು. ಒಂದು ಕಡೆಯವರು ತಳ್ಳಿದರು, ಮುಂದೆ ಹೋಗಲಾಗಲಿಲ್ಲ, ಇನ್ನೊಂದು ಕಡೆಯವರು ಕಿತ್ತುಕೊಂಡರು. ಕಥೆ ಇಷ್ಟೇ. ಅದು ಒಂದು ದಿನದಲ್ಲಿ ನಡೆದರೆ ಒಂದು ಹೆಸರು, ಎರಡು ದಿನ ಹಿಡಿದರೆ ಇನ್ನೊಂದು, ಮೂರಾದರೆ ಮತ್ತೊಂದು. ಮೂವತ್ತೈದು ಹೆಸರು ಬಾಯಿಪಾಠ ಮಾಡಿದ್ದರಲ್ಲಿ ನಿಮ್ಮ ನಾಲ್ಕು ಭಾನುವಾರ ಹೋದವು. ಈ ಸೇರಿಸುವ ಲೆಕ್ಕವನ್ನು ಒಂದು ಸಂಜೆ ಮಾಡಿದ್ದರೆ ಅಷ್ಟೂ ಹೆಸರು ತಾವಾಗಿಯೇ ಕರಗುತ್ತಿದ್ದವು.

ಉಳಿದವುಗಳಲ್ಲಿ ಡೋಜಿ ಮತ್ತು ಹರಾಮಿ ತಿಳಿದಿರಲಿ. ತೆರೆದ ಬೆಲೆಗೇ ಮುಚ್ಚಿದರೆ ಡೋಜಿ, ಹಿಂದಿನ ದಿನದ ದೊಡ್ಡ ಬಾಡಿಯ ಒಳಗೇ ಇವತ್ತಿನ ಸಣ್ಣ ಬಾಡಿ ಅಡಗಿದರೆ ಹರಾಮಿ. ಜಪಾನಿ ಭಾಷೆಯಲ್ಲಿ ಆ ಮಾತಿಗೆ ಬಸುರಿ ಎಂದರ್ಥ. ಎರಡೂ ಹೇಳುವುದು ಓಟ ನಿಧಾನವಾಯಿತು ಎಂದು, ತಿರುಗಿತು ಎಂದಲ್ಲ. ಬತ್ತಿಯೇ ಇಲ್ಲದ ಮರುಬೊಜು, ಅಂದರೆ ಬೋಳುತಲೆ, ಒಂದೇ ಕಡೆಯವರ ದಿನ. ಇಷ್ಟು ಸಾಕು.

ಹ್ಯಾಮರ್ ಮತ್ತು ಹ್ಯಾಂಗಿಂಗ್ ಮ್ಯಾನ್ ಆಕಾರದಲ್ಲಿ ಒಂದೇ ಎಂದು ನಿಮಗೂ ಹೇಳಿಕೊಟ್ಟಿರುತ್ತಾರೆ. ಬಹಳ ದಿನ ಇಳಿದ ಮೇಲೆ ಬಂದರೆ ಹ್ಯಾಮರ್, ಬಹಳ ಏರಿದ ಮೇಲೆ ಬಂದರೆ ಹ್ಯಾಂಗಿಂಗ್ ಮ್ಯಾನ್. ಒಂದೇ ಅಕ್ಷರ, ಸಾಲು ಬದಲಾದರೆ ಅರ್ಥ ಬದಲು. ಈ ಒಂದು ಸಂಗತಿಯನ್ನು ಮನಸ್ಸಿಟ್ಟು ಯೋಚಿಸಿದರೆ ಜಾಗ ಎಷ್ಟು ಮುಖ್ಯ ಎಂದು ಹೊಳೆಯುತ್ತದೆ. ನಿಮ್ಮ ಮೂರೂ ಹ್ಯಾಮರ್ ಬಂದಿರುವುದು ಎಲ್ಲಿ? ಬೆಳಿಗ್ಗೆಯಿಂದ ಬೆಲೆ 80 ಅಂಶದ ಪಟ್ಟಿಯೊಳಗೇ ಮೇಲೆ ಕೆಳಗೆ ಆಡುತ್ತಿದ್ದಾಗ, ಆ ಪಟ್ಟಿಯ ನಟ್ಟನಡುವೆ. ಅಲ್ಲಿ ಇಳಿತವೇ ಇರಲಿಲ್ಲ, ತಿರುಗುವುದಾದರೂ ಏನು? ನನಗೆ ಹ್ಯಾಮರ್ ಬೇಕಾದದ್ದು ದಿನದ ಅಥವಾ ವಾರದ ಚಾರ್ಟಿನಲ್ಲಿ, ಬೆಲೆ ಹಿಂದೆ ಎರಡು ಮೂರು ಸಲ ಇಳಿದು ಎದ್ದ ಅದೇ ಮಟ್ಟಕ್ಕೆ ಮತ್ತೆ ಬಂದಾಗ. ಸಪೋರ್ಟ್ ಎನ್ನುತ್ತಾರಲ್ಲ, ಅದು. ಅಲ್ಲಿ ಕೊಳ್ಳುವವರು ಹಿಂದೆ ಇದ್ದರೆಂಬ ದಾಖಲೆ ಇದೆ, ಈಗಲೂ ಇದ್ದಾರೆಂದು ಹೊಸ ಕ್ಯಾಂಡಲ್ ಹೇಳುತ್ತಿದೆ. ಎರಡು ಸಾಕ್ಷಿ ಒಟ್ಟಿಗೆ ಸಿಕ್ಕ ಹಾಗೆ.

ಇದಕ್ಕೆಲ್ಲ ಪುರಾವೆ ಇದೆಯೇ ಎಂದು ನೀವು ಕೇಳಬೇಕು, ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಷೇರುಗಳ 1992ರಿಂದ 1996ರ ಬೆಲೆಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೂರು ದಿನದ ಕೆಲವು ಪ್ಯಾಟರ್ನ್‌ಗಳಿಗೆ ಮುನ್ಸೂಚನೆಯ ಶಕ್ತಿ ಇದೆ ಎಂದಿತು. ಅಲ್ಲಿನದೇ ಡೌ ಜೋನ್ಸ್ ಸೂಚ್ಯಂಕದ ಷೇರುಗಳ 1992ರಿಂದ 2002ರ ಅವಧಿಯನ್ನು ನೋಡಿ 2006ರಲ್ಲಿ ಬಂದ ಇನ್ನೊಂದು ಅಧ್ಯಯನ, ಕ್ಯಾಂಡಲ್ ನೋಡಿ ಕೊಂಡು ಮಾರುವುದರಿಂದ ಲಾಭವಿಲ್ಲ ಎಂದಿತು. ನನ್ನ ಅನುಭವ ಎರಡನೆಯದರ ಕಡೆಗೇ ವಾಲುತ್ತದೆ. ಬರೀ ಆಕಾರ ನೋಡಿ ಕೊಂಡರೆ ಏನೂ ಉಳಿಯುವುದಿಲ್ಲ. ಹಾಗಾದರೆ ನಾನೇಕೆ ಇನ್ನೂ ಕ್ಯಾಂಡಲ್ ನೋಡುತ್ತೇನೆ? ನನ್ನ ಎಣಿಕೆ ಎಲ್ಲಿ ತಪ್ಪಾಗುತ್ತದೆ ಎಂಬ ಜಾಗವನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಹ್ಯಾಮರ್‌ನ ತಳ ಮುರಿಯಿತೇ, ಅಲ್ಲಿ ಕೊಳ್ಳುವವರು ಇದ್ದಾರೆಂಬ ನನ್ನ ಮಾತು ಸುಳ್ಳಾಯಿತು, ಹೊರಗೆ ಬರಬೇಕು. ಇಷ್ಟು ಸ್ಪಷ್ಟವಾದ ಗೆರೆ ಬೇರೆಡೆ ಸುಲಭವಾಗಿ ಸಿಗುವುದಿಲ್ಲ.

ಆ ಗೆರೆಯಿಂದ ಲೆಕ್ಕ ಹೇಗೆ ಹುಟ್ಟುತ್ತದೆ ನೋಡಿ. ನಿಮ್ಮ ಹತ್ತಿರ ಇರುವುದು 2 ಲಕ್ಷ. ಒಂದು ವ್ಯವಹಾರ ತಪ್ಪಿದರೆ ಅದರ ನೂರಕ್ಕೊಂದು ಭಾಗ, 2,000 ಮಾತ್ರ ಹೋಗಬೇಕು ಎಂದು ನಿಶ್ಚಯಿಸಿ. ಒಂದು ಷೇರಿನ ದಿನದ ಚಾರ್ಟಿನಲ್ಲಿ, ಹಳೆಯ ಸಪೋರ್ಟ್ ಮೇಲೆ, ಒಳ್ಳೆಯ ವಾಲ್ಯೂಮ್ ಜೊತೆ ಹ್ಯಾಮರ್ ಬಂತು: ಮೇಲ್ತುದಿ 412, ತಳ 396. ನಾಳೆ 413 ಮುಟ್ಟಿದರೆ ಕೊಳ್ಳುವುದು, ಸ್ಟಾಪ್‌ಲಾಸ್ (ಅಲ್ಲಿಗೆ ಇಳಿದರೆ ಮಾರಿಬಿಡುವ ಬೆಲೆ) 395. ಒಂದು ಷೇರಿಗೆ ಅಪಾಯ 18 ರೂಪಾಯಿ. 2,000ವನ್ನು 18ರಿಂದ ಭಾಗಿಸಿದರೆ 111 ಷೇರು, ಬೇಕಾಗುವ ಹಣ 45,843 ರೂಪಾಯಿ. ಎಷ್ಟು ಕೊಳ್ಳಬೇಕು ಎಂಬುದನ್ನು ಧೈರ್ಯ ಹೇಳಬಾರದು, ಈ ಭಾಗಾಕಾರ ಹೇಳಬೇಕು. ಮೇಲೆ 450ರಲ್ಲಿ ಹಿಂದೆ ಮಾರಾಟ ಬಂದಿದ್ದರೆ ಸಿಗಬಹುದಾದದ್ದು 37. ಹತ್ತರಲ್ಲಿ ನಾಲ್ಕೇ ಸಲ ನೀವು ಸರಿ ಎಂದುಕೊಳ್ಳಿ: ಬಂದದ್ದು ನಾಲ್ಕು 37, ಅಂದರೆ 148, ಹೋದದ್ದು ಆರು 18, ಅಂದರೆ 108. ಷೇರಿಗೆ 40 ರೂಪಾಯಿ ಉಳಿಯುತ್ತದೆ. ಬ್ರೋಕರೇಜ್, ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಕಳೆಯಬೇಕು, ವರ್ಷದೊಳಗೆ ಮಾರಿದ ಲಾಭಕ್ಕೆ ಶೇ 20 ತೆರಿಗೆ ಇದೆ; ಆದರೂ ಹತ್ತಕ್ಕೆ ಆರು ಸಲ ತಪ್ಪಿದವನು ಮುಳುಗಲಿಲ್ಲ. ಅದೇ 413 ಬಿಟ್ಟು 430ಕ್ಕೆ ಹಾರಿದ ಮೇಲೆ ಓಡಿ ಹೋಗಿ ಕೊಂಡರೆ ಅಪಾಯ 35, ಲಾಭ 20. ಆಕಾರ ಅದೇ, ಲೆಕ್ಕ ಪೂರ್ತಿ ಉಲ್ಟಾ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ 380ಕ್ಕೆ ತೆರೆದರೆ ನಿಮ್ಮ 395ರ ಸ್ಟಾಪ್‌ಲಾಸ್ ಕೆಲಸ ಮಾಡುವುದು 380ರಲ್ಲೇ, ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಕೊಳ್ಳಬೇಕು.

ನೀವು ಕೊಂಡದ್ದು ಷೇರಲ್ಲ, ಆ ವಾರ ಮುಗಿಯುವ ಕಾಲ್ ಆಪ್ಷನ್. ನನಗೆ ಅತ್ಯಂತ ಸಂಕಟವಾದದ್ದು ಇಲ್ಲಿ. ಹ್ಯಾಮರ್ ಹೆಚ್ಚೆಂದರೆ ದಿಕ್ಕನ್ನು ಸೂಚಿಸಬಹುದು, ಯಾವಾಗ ಎಂದು ಎಂದೂ ಹೇಳುವುದಿಲ್ಲ. ಆಪ್ಷನ್‌ಗೆ ಬೇಕಾದದ್ದು ಯಾವಾಗ ಎಂಬುದೇ. ಮಳೆಗಾಲದಲ್ಲಿ ಬಯಲಿಗಿಟ್ಟ ಬೆಲ್ಲ ನೀರೊಡೆಯುವ ಹಾಗೆ ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆ, ದಿನದಿಂದ ದಿನಕ್ಕೆ ಕರಗುತ್ತದೆ, ಅವಧಿ ಮುಗಿಯುವ ದಿನ ಗಂಟೆಗಂಟೆಗೂ ಕರಗುತ್ತದೆ. ನಿಮ್ಮ ಮೂರನೇ ಚಿತ್ರದಲ್ಲಿ ನಿಫ್ಟಿ ಎರಡು ದಿನದ ಮೇಲೆ ನೀವು ಕೊಂಡ ಮಟ್ಟಕ್ಕಿಂತ ಮೇಲೇ ಇದೆ. ನಿಮ್ಮ ಓದು ಸರಿಯಾಗಿತ್ತು, ಆದರೂ ಹಣ ಹೋಯಿತು! ಇದು ನಿಮ್ಮೊಬ್ಬರ ಕಥೆಯಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರು, ತಲೆಗೆ ಸರಾಸರಿ ಸುಮಾರು 2 ಲಕ್ಷ. ಎಲ್ಲರ ನಷ್ಟ ಸೇರಿ 1.8 ಲಕ್ಷ ಕೋಟಿ ಮೀರಿತು. ಆಪ್ಷನ್ಸ್ ಖಾತೆಯನ್ನು ಈಗಲೇ ನಿಲ್ಲಿಸಿ. ಆ್ಯಪ್‌ನಲ್ಲೇ ಆ ವಿಭಾಗವನ್ನು ನಿಷ್ಕ್ರಿಯ ಮಾಡಲು ಬರುತ್ತದೆ, ಬಾರದಿದ್ದರೆ ಬ್ರೋಕರ್‌ಗೆ ಬರೆದು ಕೇಳಿ.

ದಿನದ ಚಾರ್ಟ್ ನೋಡಲು ಶುರು ಮಾಡಿದಾಗ ಕಣ್ಣಿಗೆ ಮೋಸ ಮಾಡುವ ಕೆಲವು ಸಂಗತಿ ಇವೆ. ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡ ಸಣ್ಣ ಷೇರಿನ ಕ್ಯಾಂಡಲ್ ಬರೀ ಅಡ್ಡಗೆರೆ, ಅದನ್ನು ಡೋಜಿ ಎಂದು ಓದಬಾರದು. ಅಲ್ಲಿ ಚೌಕಾಸಿಯೇ ನಡೆದಿಲ್ಲ. ಬೋನಸ್ (ಇದ್ದ ಷೇರಿಗೆ ಹೆಚ್ಚುವರಿ ಷೇರು) ಅಥವಾ ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಆದ ದಿನ ಸರಿಹೊಂದಿಸದ ಚಾರ್ಟಿನಲ್ಲಿ ಬೆಲೆ ಅರ್ಧಕ್ಕೆ ಬಿದ್ದ ಹಾಗೆ ಕಾಣುತ್ತದೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ ಷೇರಿನ ಮುಕ್ತಾಯ ಬೆಲೆ ಎಂದರೆ 3.30ರ ಕೊನೆಯ ವ್ಯಾಪಾರ ಎಂದು ಬಹಳ ಜನ ತಿಳಿದಿದ್ದಾರೆ. ನಡೆದುಬಂದ ಪದ್ಧತಿಯಲ್ಲಿ ಅದು ಕೊನೆಯ ಅರ್ಧ ಗಂಟೆಯ ವ್ಯಾಪಾರದ, ವಾಲ್ಯೂಮ್ ತೂಗಿ ತೆಗೆದ ಸರಾಸರಿ. ಹೀಗಾಗಿ ದಿನದ ಕ್ಯಾಂಡಲ್‌ನ ಮುಕ್ತಾಯ 5 ನಿಮಿಷದ ಕೊನೆಯ ಕ್ಯಾಂಡಲ್ ಜೊತೆ ಹೊಂದದಿದ್ದರೆ ಗಾಬರಿ ಬೇಡ, ಚಾರ್ಟ್ ಕೆಟ್ಟಿಲ್ಲ.

ಕೋರ್ಸ್ ವಿಚಾರ. 25 ಸಾವಿರ ಕೊಡಬೇಡಿ. ಇಂಥ ಷೇರು ಕೊಳ್ಳಿ, ಮಾರಿ ಎಂದು ಹಣ ಪಡೆದು ಹೇಳಬೇಕಾದರೆ ಸೆಬಿಯಲ್ಲಿ ನೋಂದಣಿ ಬೇಕು. ರಿಸರ್ಚ್ ಅನಲಿಸ್ಟ್‌ಗೆ ಐಎನ್‌ಎಚ್ ಎಂದೂ, ಹೂಡಿಕೆ ಸಲಹೆಗಾರರಿಗೆ ಐಎನ್‌ಎ ಎಂದೂ ಶುರುವಾಗುವ ಸಂಖ್ಯೆ ಇರುತ್ತದೆ. ಅವರನ್ನು ಆ ಸಂಖ್ಯೆ ಕೇಳಿ, ಸೆಬಿಯ ವೆಬ್‌ಸೈಟಿನಲ್ಲಿ ಹೆಸರಿನೊಂದಿಗೆ ತಾಳೆ ನೋಡಿ. ನಾವು ಬರೀ ಪಾಠ ಹೇಳುವವರು ಎಂದರೆ ಇನ್ನೊಂದು ನಿಯಮ ಇದೆ: 2025ರ ಜನವರಿಯ ಸುತ್ತೋಲೆಯಲ್ಲಿ ಸೆಬಿ, ಶಿಕ್ಷಣವಷ್ಟೇ ನೀಡುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಷೇರಿನ ಬಗ್ಗೆ ಮಾತಾಡಬಾರದು ಎಂದಿತು. ಲೈವ್ ಚಾರ್ಟ್ ಹಾಕಿಕೊಂಡು ದಿನಾ ಕಾಲ್ ಕೊಡುತ್ತೇವೆ ಎನ್ನುವವರ ಮಾತು ಇವೆರಡರಲ್ಲಿ ಯಾವುದಕ್ಕೆ ಹೊಂದುತ್ತದೆ ಎಂದು ನೀವೇ ನೋಡಿ. ಗುಂಪಿನವರು ಬೇರೆ ಆ್ಯಪ್ ಹಾಕಿಕೊಳ್ಳಿ, ಯಾರದೋ ಖಾತೆಗೆ ದುಡ್ಡು ಕಳಿಸಿ ಎಂದರೆ ಆ ಕ್ಷಣವೇ ಹೊರಬನ್ನಿ. ಕಳಿಸಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಮುಂದಿನ ಮೂರು ತಿಂಗಳು ದುಡ್ಡು ಹಾಕದೆ ಒಂದು ಕೆಲಸ ಮಾಡಿ. ನಿಮಗೆ ಗೊತ್ತಿರುವ ಐದು ದೊಡ್ಡ ಕಂಪನಿಗಳನ್ನು ಆರಿಸಿಕೊಳ್ಳಿ, ಸಂಜೆ ಕಾಲೇಜಿನಿಂದ ಬಂದ ಮೇಲೆ ಅವುಗಳ ದಿನದ ಕ್ಯಾಂಡಲ್ ನೋಡಿ. ನೋಟ್‌ಬುಕ್‌ನಲ್ಲಿ ಹೆಸರು ಬರೆಯಬೇಡಿ, ಹ್ಯಾಮರ್ ಎಂಬ ಪದವನ್ನೇ ಬಳಸಬೇಡಿ. "ಬೆಳಿಗ್ಗೆ ಮಾರಿದರು, 396ರಲ್ಲಿ ಕೊಳ್ಳುವವರು ಬಂದರು, ಆವಕ ನಿನ್ನೆಗಿಂತ ಹೆಚ್ಚು, ಏಪ್ರಿಲ್‌ನಲ್ಲೂ ಇಲ್ಲೇ ಎದ್ದಿತ್ತು" ಎಂದು ಕನ್ನಡದಲ್ಲಿ ಎರಡು ಸಾಲು. ಪಕ್ಕದಲ್ಲಿ ಎಲ್ಲಿ ಕೊಳ್ಳುತ್ತಿದ್ದೆ, ಎಲ್ಲಿ ತಪ್ಪು ಎಂದು ಒಪ್ಪಿಕೊಳ್ಳುತ್ತಿದ್ದೆ, ಎಷ್ಟು ಷೇರು. ಐವತ್ತು ಅಂಥ ವ್ಯವಹಾರ ಕಾಗದದ ಮೇಲೆ ಆಗುವವರೆಗೆ ಕಾಯಿರಿ. ಮೂರು ತಿಂಗಳು ಸಾಲದಿದ್ದರೆ ಆರು ತಿಂಗಳಾಗಲಿ. ಆ ಐವತ್ತರ ಕೂಡಿಸಿ ಕಳೆದ ಮೊತ್ತ ನಷ್ಟ ತೋರಿಸಿದರೆ ಈ ದಾರಿ ಬಿಟ್ಟು ತಿಂಗಳಿಗಿಷ್ಟು ಎಂದು ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡಿಗೆ ಹಾಕಿ; ಅದರಲ್ಲಿ ಅವಮಾನವೇನೂ ಇಲ್ಲ, ಬಹಳ ಜನರಿಗೆ ನಾನು ಹೇಳುವುದು ಅದನ್ನೇ.

62 ಸಾವಿರದ ಮಾತನ್ನು ಈ ವಾರವೇ ಮನೆಯಲ್ಲಿ ಹೇಳಿ. ಹೇಳದೆ ಇಟ್ಟುಕೊಂಡ ನಷ್ಟವನ್ನು ಯಾರಿಗೂ ಗೊತ್ತಾಗುವ ಮೊದಲು ತುಂಬಿಬಿಡೋಣ ಎಂಬ ಆತುರದಲ್ಲೇ ಎರಡು ಪಟ್ಟು ಲಾಟ್ (ಆಪ್ಷನ್ ಮಾರಾಟವಾಗುವ ಕಂತೆ) ಕೊಳ್ಳುತ್ತಾರೆ, ಟರ್ಮಿನಲ್ ಮುಂದೆ ಕೂತ ವರ್ಷಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಕೊನೆಯ ಚಿತ್ರದಲ್ಲಿ ಲಾಟ್ ಸಂಖ್ಯೆ ಮೊದಲ ಎರಡಕ್ಕಿಂತ ಹೆಚ್ಚಾಗಿದೆ, ಅದಕ್ಕೇ ಹೇಳುತ್ತಿದ್ದೇನೆ. ನೋಟ್‌ಬುಕ್‌ನ ಮೊದಲ ಇಪ್ಪತ್ತು ಪುಟ ಆದ ಮೇಲೆ ಫೋಟೊ ತೆಗೆದು ಕಳಿಸಿ, ವಾಲ್ಯೂಮ್ ಕಂಬಗಳನ್ನು ತೆಗೆಯದ ಚಾರ್ಟ್ ಜೊತೆಗೆ.